ಒಂಬತ್ತನೇ ಪಟ್ಟಿ

“ಕಸ ಗುಡಿಸುವವಳ ಮಗ ಈಗ ಡಿಟೆಕ್ಟಿವ್ ಆಗಿದ್ದಾನೆ. ಎಂಟನೇ ಕ್ಲಾಸು ದಾಟಿದವನಲ್ಲ ಸರ್ ಇವ. ಒಳಗೆ ಬಿಡುದಾದ್ರೆ ಮೊದ್ಲು ಕಿಸೆ ನೋಡಿ ಬಿಡಿ. ತಾಯಿ ತಗೊಳ್ಳದೆ ಬಿಟ್ಟದ್ದು ಎಂತಾದ್ರೂ ಇದ್ರೆ ಮಗ ತಗೊಂಡು ಹೋದಾನು.”

ಮನೆಯ ಯಜಮಾನರ ಸೋದರಳಿಯ ಸಂದೀಪ ಇದನ್ನು ಮೆಲ್ಲಗೆ ಹೇಳಲಿಲ್ಲ. ಸಾಂತಾಕ್ರೂಜಿನ ಆ ನಾಲ್ಕನೇ ಮಾಳಿಗೆಯ ಫ್ಲ್ಯಾಟಿನ ಹಾಲಿನಲ್ಲಿ ನಿಂತಿದ್ದ ಎಲ್ಲರಿಗೂ ಕೇಳಲೆಂದೇ ಹೇಳಿದ. ಸೊಸೈಟಿಯ ಸೆಕ್ರೆಟರಿ ಮೂಗಿನಲ್ಲೇ ನಕ್ಕ. ಎದುರು ಮನೆಯ ನೀಲಾವತಿ ಆಂಟಿ ಸೆರಗು ಸರಿಮಾಡಿಕೊಳ್ಳುವ ನೆಪದಲ್ಲಿ ಆ ಕಡೆ ತಿರುಗಿದರು. ಬಾಗಿಲಲ್ಲಿದ್ದ ಕಾನ್‌ಸ್ಟೇಬಲ್ ನಿಜವಾಗಿಯೂ ನನ್ನ ಕಿಸೆಯ ಕಡೆ ನೋಡಿದ.

ಅಡುಗೆಮನೆಯ ಹೊಸ್ತಿಲ ಬಳಿ ನನ್ನ ಅವ್ವ ಮಲ್ಲಕ್ಕ ನೆಲದ ಮೇಲೆ ಕುಳಿತಿದ್ದಳು. ಅವಳನ್ನು ಕಾಯುತ್ತಿದ್ದ ಮಹಿಳಾ ಪೊಲೀಸು ಕುರ್ಚಿಯ ಮೇಲಿದ್ದಳು. ಏಳು ವರ್ಷ ಆ ನೆಲ ಒರೆಸಿದವಳಿಗೆ ಅವತ್ತೂ ಯಾರೂ ಕೂರಲು ಏನೂ ಕೊಟ್ಟಿರಲಿಲ್ಲ.

ಬೇರೆ ದಿನವಾಗಿದ್ದರೆ ಸಂದೀಪನ ಇಸ್ತ್ರಿ ಮಾಡಿದ ಕಾಲರು ನನ್ನ ಮುಷ್ಟಿಯಲ್ಲಿರುತ್ತಿತ್ತು. ಆದರೆ ಗೋಡೆಯ ಗಡಿಯಾರ ಮೂರೂ ಮುಕ್ಕಾಲು ತೋರಿಸುತ್ತಿತ್ತು. ಹೆಂಗಸರನ್ನು ಹೊತ್ತು ಮುಳುಗಿದ ಮೇಲೆ ಅರೆಸ್ಟ್ ಮಾಡುವಂತಿಲ್ಲ. ಅದಕ್ಕೇ ಐದು ಗಂಟೆಗೆ ಅವ್ವನನ್ನು ಜೀಪು ಹತ್ತಿಸುವುದೆಂದು ಆಗಲೇ ತೀರ್ಮಾನವಾಗಿತ್ತು.

ಆಗಿದ್ದು ಇಷ್ಟು: ಮಂಗಳವಾರ ಮಧ್ಯಾಹ್ನ ಈ ಮನೆಯ ಯಜಮಾನ ಮೋನಪ್ಪ ಶೆಟ್ಟರು ಮಾದರಿ ಹಡಗು ಕಟ್ಟುತ್ತಿದ್ದ ತಮ್ಮ ಹಡಗಿನ ಕೋಣೆಯಲ್ಲಿ ತಲೆಯ ಹಿಂಭಾಗ ಒಡೆದು ಬಿದ್ದದ್ದು ಕಂಡಿತ್ತು, ಇವತ್ತು ಗುರುವಾರ, ಆಸ್ಪತ್ರೆಯಲ್ಲಿ ಅವರು ಇನ್ನೂ ಕಣ್ಣು ಬಿಟ್ಟಿರಲಿಲ್ಲ.

ಸಬ್ ಇನ್‌ಸ್ಪೆಕ್ಟರ್ ಬಸವಂತರಾಯರು ಅಕ್ಕಲಕೋಟೆ ಕಡೆಯವರು. ಮರಾಠಿಯಲ್ಲಿ ಬರೆದುಕೊಳ್ಳುತ್ತಾರೆ, ಕನ್ನಡದಲ್ಲಿ ಬೈಯುತ್ತಾರೆ. ಸಂದೀಪನ ಮಾತಿಗೆ ಅವರು ನಗಲೂ ಇಲ್ಲ, ಅವನನ್ನು ಗದರಲೂ ಇಲ್ಲ. ನನ್ನನ್ನು ಹತ್ತಿರ ಕರೆದರು.

“ಅರ್ಧಾ ತಾಸು ಕೊಡ್ತೀನಿ. ನೀ ಕಟಿಗಿ ಕೆಲಸದಾಂವ ಅಂತ ಬಿಡಾಕತ್ತೀನಿ, ಅಕಿ ಮಗ ಅಂತಲ್ಲ. ನನ್ನ ಕೇಳದ ಏನೂ ಮುಟ್ಟಬ್ಯಾಡ.”

ನಾನು ತಲೆ ಆಡಿಸಿದೆ. ಕಿಸೆಯನ್ನೂ ಹೊರಗೆಳೆದು ಕಾನ್‌ಸ್ಟೇಬಲನಿಗೆ ತೋರಿಸಿದೆ. ಲೋಕಲ್ ಪಾಸು, ವಡಾಲದ ಅಂಗಡಿಯ ಕೀಲಿ, ಒಂದು ತುಂಡು ಪೆನ್ಸಿಲು, ಫೋನು. ನೋಡಲಿ.

*

ಹಡಗಿನ ಕೋಣೆಯೆಂದರೆ ಹತ್ತಡಿ ಉದ್ದ ಎಂಟಡಿ ಅಗಲದ ಒಂದು ಬೆಡ್‌ರೂಮು. ಕಿಟಕಿ ಮುಚ್ಚಿತ್ತು. ಬಿಳಿ ಗೋಂದಿನ ವಾಸನೆ, ಅದರ ಅಡಿಯಲ್ಲಿ ಆಸ್ಪತ್ರೆಯಂತಹ ಇನ್ನೊಂದು ವಾಸನೆ. ನೆಲದ ಮೇಲೆ ಸುಣ್ಣದ ಗೆರೆ, ಒರೆಸದೆ ಬಿಟ್ಟ ಕಂದು ಕಲೆ. ನಾಲ್ಕು ನಿಮಿಷಕ್ಕೊಂದು ವಿಮಾನ ತಲೆಯ ಮೇಲೆ ಇಳಿಯುತ್ತಿತ್ತು. ಪ್ರತಿ ಸಲವೂ ಮೇಜಿನ ಮೇಲಿನ ಗುಂಡುಪಿನ್ನುಗಳ ಡಬ್ಬಿ ಸಣ್ಣಗೆ ಗಲಗಲ ಎನ್ನುತ್ತಿತ್ತು.

ಮೇಜಿನ ನಡುವೆ ಮಂಜಿ ನಿಂತಿತ್ತು. ಮಂಗಳೂರಿನ ಹೆಂಚು ಹೇರಿಕೊಂಡು ಹಾಯಿ ಬಿಚ್ಚಿ ಮುಂಬಯಿಗೆ ಬರುತ್ತಿದ್ದ ಹಳೆಯ ಕಾಲದ ಹಡಗು. ಶೆಟ್ಟರ ತಂದೆ ಅಂಥ ಒಂದು ಮಂಜಿಯಲ್ಲಿ ಹೆಂಚಿನ ನಡುವೆ ಕುಳಿತು ಈ ಊರಿಗೆ ಬಂದಿದ್ದರಂತೆ. ಮೂರಡಿ ಉದ್ದದ ಅದರ ಮಾದರಿಯ ಕಿಟ್ ಮಾಡಿಕೊಡಿ ಎಂದು ಶೆಟ್ಟರು ಹೋದ ವರ್ಷ ವಡಾಲಕ್ಕೆ, ನಾನು ಕೆಲಸ ಮಾಡುವ ಅಂಗಡಿಗೆ ಬಂದರು. ನನ್ನ ಉಸ್ತಾದ ನಿಂಗಣ್ಣ ಪಕ್ಕೆಲುಬುಗಳನ್ನು ಕೊರೆದ. ಸಾಗುವಾನಿಯ ಪಟ್ಟಿಗಳನ್ನು ಸೀಳಿದ್ದು, ಡಬ್ಬಕ್ಕೆ ತುಂಬಿದ್ದು ನಾನು. ಐದು ಮಿಲಿಮೀಟರ್ ಅಗಲ, ಒಂದೂವರೆ ದಪ್ಪ.

ಆ ಡಬ್ಬ ತುಂಬುವಾಗ ಅದರೊಳಗಿನ ಒಂದು ಪಟ್ಟಿ ನನ್ನ ಅವ್ವನನ್ನು ಜೈಲಿಗೆ ಕಳಿಸುತ್ತದೆ ಎಂದು ಯಾರಾದರೂ ಹೇಳಿದ್ದರೆ ಡಬ್ಬವನ್ನು ಅಲ್ಲೇ ಒಲೆಗೆ ಹಾಕುತ್ತಿದ್ದೆ.

ಪೊಲೀಸರ ಲೆಕ್ಕ ಸರಳವಾಗಿತ್ತು. ಗೇಟಿನ ಪುಸ್ತಕದ ಪ್ರಕಾರ ಶೆಟ್ಟರ ತಂಗಿಯ ಮಗ ಸಂದೀಪ ಅವತ್ತು ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಬಂದು ಹತ್ತೂ ಮೂವತ್ತೈದಕ್ಕೆ ಹೋದ. ಅವ್ವ ಹನ್ನೊಂದಕ್ಕೆ ತನ್ನ ಬಳಿಯ ಕೀಲಿಯಿಂದ ಬಾಗಿಲು ತೆಗೆದು ಒಳಗೆ ಹೋದಳು, ಹನ್ನೆರಡೂವರೆಗೆ ಹೊರಬಿದ್ದಳು. ಮತ್ತೆ ಎರಡು ಗಂಟೆಯವರೆಗೆ ಯಾರೂ ಇಲ್ಲ. ಊಟದ ಡಬ್ಬಿ ತಂದವನು ಬೆಲ್ ಒತ್ತಿ ಸಾಕಾಗಿ ನೀಲಾವತಿ ಆಂಟಿಯನ್ನು ಕರೆದ. ಅವರ ಹತ್ತಿರ ಇನ್ನೊಂದು ಕೀಲಿ ಇತ್ತು. ತೆರೆದು ನೋಡಿದರೆ ಶೆಟ್ಟರು ಈ ನೆಲದ ಮೇಲೆ.

ಮಾವ ಕೆಲಸದಲ್ಲಿದ್ದಾರೆ ಎಂದು ಸಂದೀಪ ಹತ್ತೂ ಇಪ್ಪತ್ತಕ್ಕೆ ಮನೆಯವರ ಗ್ರೂಪಿಗೆ ಒಂದು ಫೋಟೋ ಕಳಿಸಿದ್ದ. ಅದರಲ್ಲಿ ಹಡಗಿನ ಎಡಕ್ಕೆ ಎಂಟು ಪಟ್ಟಿ, ಬಲಕ್ಕೆ ಎಂಟು ಪಟ್ಟಿ. ಮಧ್ಯಾಹ್ನ ಮೂರಕ್ಕೆ ಪೊಲೀಸರು ತೆಗೆದ ಫೋಟೋದಲ್ಲಿ ಬಲಕ್ಕೆ ಎಂಟೇ, ಎಡಕ್ಕೆ ಒಂಬತ್ತು.

ಅಂದರೆ ಸಂದೀಪ ಹೋದ ಮೇಲೂ ಶೆಟ್ಟರಿಗೆ ಏನೂ ಆಗಿರಲಿಲ್ಲ, ಕುಳಿತು ಒಂದು ಪಟ್ಟಿ ಅಂಟಿಸುವಷ್ಟು ಚೆನ್ನಾಗಿದ್ದರು. ಅದಾದ ಮೇಲೆ ಮನೆಯೊಳಗೆ ಬಂದವಳು ಅವ್ವ ಒಬ್ಬಳೇ.

ಅವ್ವನ ಹೇಳಿಕೆ ಎರಡೇ ಸಾಲು. ಕೋಣೆಯ ಬಾಗಿಲ ಹಿಡಿಗೆ ಕೆಂಪು ಬೈರಾಸು ಕಟ್ಟಿತ್ತು, ಅದಕ್ಕೇ ತಾನು ಒಳಗೆ ಹೋಗಲಿಲ್ಲ. ಹೊರಗಿನ ಕೆಲಸ ಮುಗಿಸಿ ಬಂದೆ. ಶೆಟ್ಟರ ಮನೆಯ ನಿಯಮ ಅದು, ಎಲ್ಲರಿಗೂ ಗೊತ್ತು: ಪಟ್ಟಿ ಅಂಟಿಸುವ ದಿನ ಹಿಡಿಗೆ ಆ ಅಂಗವಸ್ತ್ರ ಕಟ್ಟುತ್ತಾರೆ, ಕಟ್ಟಿದ ಮೇಲೆ ಬಾಗಿಲು ತೆಗೆಯುವಂತಿಲ್ಲ, ಫ್ಯಾನು ಹಾಕುವಂತಿಲ್ಲ. ಗೋಂದು ಹಸಿ ಇರುವಾಗ ಧೂಳು ಕೂತರೆ ಹಡಗು ಹಾಳು.

ಅವಳು ಹೊರಗೆ ಪಾತ್ರೆ ತಿಕ್ಕುವಾಗ ಅವರು ಒಳಗೆ ರಕ್ತದಲ್ಲಿ ಬಿದ್ದಿದ್ದರೇ? ಆದರೆ ಅದೇ ಸತ್ಯವಾಗಬೇಕಿತ್ತು. ಅದು ಸತ್ಯವಾದರೆ ಮಾತ್ರ ಅವ್ವ ಸಂಜೆ ನನ್ನ ಜೊತೆ ವಡಾಲಕ್ಕೆ ಬರುತ್ತಿದ್ದಳು.

*

ಮೊಣಕಾಲೂರಿ ಹಡಗಿನ ಮೈಗೆ ಕಣ್ಣು ಸಮ ಮಾಡಿದೆ.

ಈ ಕೆಲಸ ಗೊತ್ತಿಲ್ಲದವರಿಗೆ ಒಂದು ಮಾತು. ಹಡಗಿಗೆ ಮೊದಲು ಬೆನ್ನಿನ ಮರ, ಅದರ ಮೇಲೆ ಪಕ್ಕೆಲುಬು. ಆಮೇಲೆ ಚರ್ಮ ಹೊದಿಸಿದ ಹಾಗೆ ಪಟ್ಟಿಗಳು. ಎಡಕ್ಕೊಂದು ಅಂಟಿಸಿದರೆ ಬಲಕ್ಕೊಂದು ಅಂಟಿಸಬೇಕು. ಒಂದೇ ಕಡೆ ಹಚ್ಚುತ್ತ ಹೋದರೆ ಬೆನ್ನು ಆ ಕಡೆ ಬಾಗಿಬಿಡುತ್ತದೆ, ಆಮೇಲೆ ದೇವರು ಬಂದರೂ ನೆಟ್ಟಗಾಗುವುದಿಲ್ಲ. ಪಟ್ಟಿಯನ್ನು ನೀರಲ್ಲಿ ನೆನೆಸಿ, ಹಡಗಿನ ಮೂತಿಯ ಬಾಗಿಗೆ ತಕ್ಕಂತೆ ಬಗ್ಗಿಸಿ, ಬಾಗಿದ ತಗಡಿಗೆ ಕಟ್ಟಿ ಬಿಡಬೇಕು. ಪೂರಾ ಒಣಗಿದ ಮೇಲೆ ಮರುದಿನ ಬಿಚ್ಚಿ, ಗೋಂದು ಹಚ್ಚಿ, ಪಿನ್ನು ಹಾಕಿ ಅದರ ಜಾಗಕ್ಕೆ ಕೂರಿಸಬೇಕು.

ಎಂಟು ಪಟ್ಟಿಗಳನ್ನು ನೋಡಿ ನನಗೆ ಆ ಗಾಬರಿಯಲ್ಲೂ ಹೊಟ್ಟೆಕಿಚ್ಚಾಯಿತು. ಪಟ್ಟಿಯ ಪಕ್ಕ ಪಟ್ಟಿ, ನಡುವೆ ಕೂದಲು ತೂರುವಷ್ಟು ಜಾಗವಿಲ್ಲ. ಪಿನ್ನಿನ ತೂತುಗಳು ಗೆರೆ ಎಳೆದ ಹಾಗೆ. ನಿಂಗಣ್ಣ ಕೂಡ ಇಷ್ಟು ಸಮ ಕೂರಿಸುವುದಿಲ್ಲ. ಇಡ್ಲಿ ವಡೆ ಮಾರಿ ನಿವೃತ್ತರಾದ ಮುದುಕರೊಬ್ಬರಿಗೆ ಇಂಥ ಕೈ ಎಲ್ಲಿಂದ ಬಂತು ಎಂದುಕೊಂಡೆ.

ಬಸವಂತರಾಯರು ಬಾಗಿಲಿಗೆ ಒರಗಿ ನಿಂತಿದ್ದರು. ಅವರ ಹಿಂದೆ ಸಂದೀಪ.

ಉಗುರಿನಿಂದ ನೋಡಬಹುದೇ ಎಂದು ಕೇಳಿದೆ. ಅವರು ಹೂಂ ಎಂದರು.

ನಿಂಗಣ್ಣ ಕಲಿಸಿದ್ದು ಇದೊಂದೇ ಪರೀಕ್ಷೆ. ಕಣ್ಣು ಮುಚ್ಚಿಕೊಂಡು ಉಗುರನ್ನು ಮೇಲಿನಿಂದ ಕೆಳಗೆ ಎಳೆಯಬೇಕು. ಎಳೆದೆ. ಒಂದನೆಯ ಪಟ್ಟಿಯಿಂದ ಎಂಟನೆಯ ಪಟ್ಟಿಯವರೆಗೆ ಉಗುರು ಗಾಜಿನ ಮೇಲೆ ಜಾರಿದಂತೆ ಜಾರಿತು. ಎಂಟು ಮುಗಿದು ಒಂಬತ್ತು ಶುರುವಾಗುವಲ್ಲಿ ಟಕ್ ಎಂದು ಸಿಕ್ಕಿಕೊಂಡಿತು.

ಕಿಸೆಯಿಂದ ಲೋಕಲ್ ಪಾಸು ತೆಗೆದೆ. ಅದರ ಅಂಚು ಆ ಬಿರುಕಿನೊಳಗೆ ಸಲೀಸಾಗಿ ಹೋಯಿತು.

ಮಂಗಳವಾರದ ಫೋಟೋ ತೋರಿಸಿ ಎಂದು ಕೇಳಿದೆ. ಬಸವಂತರಾಯರು ತಮ್ಮ ಫೋನಿನಲ್ಲಿ ಫೋಟೋ ತೆರೆದು, ಎರಡು ಬೆರಳಿನಿಂದ ದೊಡ್ಡದು ಮಾಡಿ ನನ್ನ ಮುಖದೆದುರು ಹಿಡಿದರು. ಒಂಬತ್ತನೇ ಪಟ್ಟಿ ಎಂಟನೆಯದಕ್ಕೆ ಬಿಗಿಯಾಗಿ ಅಂಟಿಕೊಂಡಿತ್ತು. ಬಿರುಕೇ ಇಲ್ಲ.

“ಸಾಹೇಬ್ರ, ಮಂಗಳವಾರ ಸಂದಿ ಇಲ್ಲ. ಇವತ್ತ ಅದ.”

“ಅಂದ್ರ?”

ಒದ್ದೆ ಮರ ಉಬ್ಬಿರುತ್ತದೆ, ಒಣಗಿದ ಮೇಲೆ ಕುಗ್ಗುತ್ತದೆ ಎಂದು ವಿವರಿಸಿದೆ. ಈ ಪಟ್ಟಿಯನ್ನು ನೀರಿನಿಂದ ತೆಗೆದವರು ಒಣಗಲು ಬಿಡದೆ ಹಾಗೆಯೇ ಗೋಂದು ಹಚ್ಚಿ ಕೂರಿಸಿದ್ದಾರೆ. ಎರಡು ದಿನದಲ್ಲಿ ಅದು ಹಡಗಿನ ಮೈಮೇಲೆಯೇ ಒಣಗಿ ಕುಗ್ಗಿ ಬಾಯಿ ಬಿಟ್ಟಿದೆ. ಉಳಿದ ಹದಿನಾರರಲ್ಲಿ ಒಂದೂ ಬಾಯಿ ಬಿಟ್ಟಿಲ್ಲ. ಹದಿನಾರು ಪಟ್ಟಿಗೆ ಹದಿನಾರು ಸಲ ಕಾದವರು ಹದಿನೇಳನೆಯದಕ್ಕೆ ಯಾಕೆ ಕಾಯಲಿಲ್ಲ?

ಬಸವಂತರಾಯರು ಗಲ್ಲ ಕೆರೆದುಕೊಂಡರು. ಮುದುಕರಿಗೆ ಒಂದು ದಿನ ಬೇಸರ ಬಂದಿರಬಹುದು ಎಂದರು.

ಬರಲಾರದು ಎಂದೆ. ಎಂಟನೆಯ ಜೋಡಿ ಅಂಟಿಸಿದ ದಿನವೇ ಒಂಬತ್ತನೆಯ ಜೋಡಿಯನ್ನು ನೆನೆಸಿ ಒಣಗಲು ಹಾಕಿರಬೇಕು. ಹಾಗಾದರೆ ಆ ಒಣಗಿದ ಜೋಡಿ ಈ ಕೋಣೆಯಲ್ಲೇ ಎಲ್ಲೋ ಇರಬೇಕು. ಅದನ್ನು ಹುಡುಕಲು ಬಿಡಿ.

“ಟೈಮ್‌ಪಾಸ್ ಮಾಡ್ತಿದ್ದಾನೆ ಸರ್,” ಎಂದ ಸಂದೀಪ. “ಹೊತ್ತು ಮುಳುಗ್ಲಿ ಅಂತ.”

ನಾಲ್ಕೂ ಹತ್ತು ಆಗಿತ್ತು.

ಒಂದು ಸಿಕ್ಕಿತು. ಕಿಟಕಿಯ ಬಳಿ, ಬಾಗಿದ ತಗಡಿನ ಮೇಲೆ ದಾರದಿಂದ ಕಟ್ಟಿದ್ದ ಪಟ್ಟಿ. ಒಣಗಿ ಬಿಲ್ಲಿನಂತಾಗಿತ್ತು. ಅದರ ಬೆನ್ನಿಗೆ ಪೆನ್ಸಿಲಿನಲ್ಲಿ 9, ಪಕ್ಕದಲ್ಲಿ ಎರಡು ಚುಕ್ಕೆ. ಎರಡು ಚುಕ್ಕೆ ಎಂದರೆ ಬಲ, ಒಂದು ಚುಕ್ಕೆ ಎಂದರೆ ಎಡ. ನಮ್ಮ ಅಂಗಡಿಯ ಗುರುತೇ ಅದು. ಬಲದ್ದು ಇಲ್ಲಿದೆ. ಎಡದ್ದು ಎಲ್ಲಿ?

ನೆಲಕ್ಕೆ ಕೆನ್ನೆ ಇಟ್ಟು ಫೋನಿನ ಟಾರ್ಚು ಹಾಕಿದೆ. ಕಪಾಟಿನ ಅಡಿ, ಗೋಡೆಗೆ ತಾಗಿ, ಏನೋ ಕಂಡಿತು. ನಾನು ಕೈ ಹಾಕಲಿಲ್ಲ. ಕಾನ್‌ಸ್ಟೇಬಲ್ ಲಾಠಿಯಿಂದ ಎಳೆದ. ಎರಡು ತುಂಡು. ಬಿಲ್ಲಿನಂತೆ ಬಾಗಿದ ಒಣ ಪಟ್ಟಿ ನಡುವಿಗೆ ಮುರಿದಿತ್ತು. ಒಂದು ತುಂಡಿನ ಮೇಲೆ 9, ಒಂದೇ ಚುಕ್ಕೆ. ಅದರ ಮುರಿದ ತುದಿಗೆ ಕಂದು ಬಣ್ಣದ ಕಲೆ, ಗೋಂದಲ್ಲ.

ಬಸವಂತರಾಯರು ಕರವಸ್ತ್ರ ಬಿಚ್ಚಿ ಆ ತುಂಡುಗಳನ್ನು ಅದರಲ್ಲಿ ಇಟ್ಟುಕೊಂಡರು. ಮೊದಲ ಸಲ ನನ್ನ ಮುಖವನ್ನು ಸರಿಯಾಗಿ ನೋಡಿದರು.

“ಹೊರಗ ಬಾ. ಎಲ್ಲಾರ ಮುಂದ ಹೇಳು.”

*

ಹಾಲಿನಲ್ಲಿದ್ದವರು ಯಾರೂ ಅಲುಗಾಡಿರಲಿಲ್ಲ. ಸೋಫಾದ ತುದಿಯಲ್ಲಿ ಶೆಟ್ಟರ ಮಗಳು ಹರಿಣಿ ಕುಳಿತಿದ್ದಳು. ಬುಧವಾರ ಪುಣೆಯಿಂದ ಬಂದವಳು ಆಗಿನಿಂದ ಆಸ್ಪತ್ರೆಯಲ್ಲೇ ಇದ್ದು, ಮಧ್ಯಾಹ್ನವಷ್ಟೇ ಮನೆಗೆ ಬಂದಿದ್ದಳು. ಕಣ್ಣು ಊದಿತ್ತು. ಕಾಲಿನ ಬಳಿ ಬ್ಯಾಗು ಇನ್ನೂ ಬಿಚ್ಚದೆ ನಿಂತಿತ್ತು.

ಅವ್ವ ನನ್ನನ್ನು ನೋಡಿದಳು. ಏನೋ ಹೇಳಲೆಂಬಂತೆ ಬಾಯಿ ತೆರೆದು ಮುಚ್ಚಿಕೊಂಡಳು. ಬಿಡು ಅವ್ವ, ಇನ್ನು ಅರ್ಧ ತಾಸಿನಲ್ಲಿ ಈ ನೆಲದಿಂದ ನೀ ಏಳ್ತಿ ಎಂದು ಮನಸ್ಸಿನಲ್ಲೇ ಹೇಳಿದೆ.

ಕಂಡದ್ದನ್ನೆಲ್ಲ ಹೇಳಿದೆ. ಒಂಬತ್ತನೇ ಪಟ್ಟಿಗೆಂದು ಒಣಗಿಸಿಟ್ಟದ್ದು ಅವತ್ತು ಬೆಳಿಗ್ಗೆ ಮುರಿದಿದೆ. ಜಗಳವಾಗಿದೆ, ತಳ್ಳಾಟವಾಗಿದೆ, ಶೆಟ್ಟರು ಮೇಜಿನ ಮೂಲೆಗೆ ತಲೆ ಹೊಡೆದು ಬಿದ್ದಿದ್ದಾರೆ, ಕೈಯಲ್ಲಿದ್ದ ಪಟ್ಟಿ ಮುರಿದು ಹಾರಿದೆ. ಆಮೇಲೆ ಯಾರೋ ಡಬ್ಬದಿಂದ ಹೊಸ ಪಟ್ಟಿ ತೆಗೆದು, ನೆನೆಸಿ, ಹಸಿಯಾಗಿಯೇ ಅಂಟಿಸಿದ್ದಾರೆ. ನೋಡಿದವರಿಗೆ ಶೆಟ್ಟರೇ ಆರಾಮಾಗಿ ಕೂತು ಕೆಲಸ ಮಾಡಿದ್ದಾರೆ ಎನ್ನಿಸಬೇಕು, ಅದಕ್ಕೆ.

“ಯಾರೋ ಅಂದ್ರೆ?” ಸಂದೀಪ ಕೇಳಿದ. ಅವನು ಟಿವಿ ಸ್ಟ್ಯಾಂಡಿಗೆ ಒರಗಿ, ಕೈಕಟ್ಟಿ ನಿಂತಿದ್ದ.

“ಹಾಂಗ ಅನ್ನಿಸಿದ್ರ ಯಾರಿಗೆ ಲಾಭ ಆಗ್ತದೊ, ಅವ್ರು.”

“ನಾನಾ? ಹೊರಗೆ ಹೋಗುವಾಗ ಮಾಮ ಚೆನ್ನಾಗಿಯೇ ಇದ್ರು ಮಾರಾಯ. ಫೋಟೋ ಉಂಟಲ್ಲ. ಹತ್ತು ಇಪ್ಪತ್ತಕ್ಕೆ ಎಂಟೇ ಪಟ್ಟಿ. ನಾನು ಹತ್ತು ಮೂವತ್ತೈದಕ್ಕೆ ಗೇಟಲ್ಲಿ. ಹದಿನೈದು ನಿಮಿಷದಲ್ಲಿ ಮಾಮನಿಗೆ ಹೊಡೆದು, ಪಟ್ಟಿ ನೆನೆಸಿ, ಅಂಟಿಸಿ, ಲಿಫ್ಟಲ್ಲಿ ಇಳಿದು ಹೋದ್ನಾ?”

ಇದಕ್ಕಾಗಿಯೇ ನಾನು ಕಾದಿದ್ದೆ. ಫೋಟೋ ಕಳಿಸಿದ್ದು ಹತ್ತೂ ಇಪ್ಪತ್ತಕ್ಕೆ, ತೆಗೆದದ್ದು ಎಷ್ಟಕ್ಕೆ ಎಂದು ಕೇಳಿದೆ.

ಬಸವಂತರಾಯರು ಕೈ ಚಾಚಿದರು. ಸಂದೀಪ ಫೋನಿನ ಲಾಕು ತೆಗೆದು ಕೊಟ್ಟ. ಅವರು ಫೋಟೋವನ್ನು ಮೇಲಕ್ಕೆ ತಳ್ಳಿ, ಕನ್ನಡಕ ಸರಿಮಾಡಿಕೊಂಡು ಓದಿದರು: ಒಂಬತ್ತೂ ಐವತ್ತೆರಡು.

ನಲವತ್ತಮೂರು ನಿಮಿಷ. ಸೆಕ್ರೆಟರಿ ಸೆಟೆದು ಕುಳಿತ.

ಸಂದೀಪ ಮುಖ ಒರೆಸಿಕೊಂಡ. ಬಂದ ಕೂಡಲೇ ತೆಗೆದದ್ದು, ಆಮೇಲೆ ಕಳಿಸಿದ್ದು, ಅದರಲ್ಲಿ ಎಂತ ತಪ್ಪು ಎಂದ. ತಾನು ಬಂದದ್ದು ಬಿಲ್ಡಿಂಗು ಕೆಡವಿ ಹೊಸದು ಕಟ್ಟುವ ರೀಡೆವಲಪ್‌ಮೆಂಟ್ ಕಾಗದಕ್ಕೆ ಮಾವನ ಸಹಿ ಕೇಳಲು, ಮಾವ ಆಗುವುದಿಲ್ಲ ಎಂದರು, ತಾನು ಎರಡು ಮಾತು ಜೋರಾಗಿ ಆಡಿದ್ದು ಹೌದು. ಸೊಸೈಟಿಯಲ್ಲಿ ಸಹಿ ಹಾಕದೆ ಉಳಿದವರು ಅವರೊಬ್ಬರೇ. ಬೇಕಾದರೆ ಸೆಕ್ರೆಟರಿಯನ್ನು ಕೇಳಿ. ಅಷ್ಟಕ್ಕೆಲ್ಲ ಯಾರಾದರೂ ಹೆತ್ತಮ್ಮನ ಅಣ್ಣನನ್ನು ಕೊಲ್ಲಲು ಹೋಗುತ್ತಾರಾ?

“ಮತ್ತೆ ಆ ಪಟ್ಟಿಗಿಟ್ಟಿ ಎಲ್ಲ ನನಗೆ ಗೊತ್ತಿಲ್ಲ,” ಎಂದ. “ನೀರಲ್ಲಿ ಯಾಕೆ ಹಾಕುದು? ಮರ ಕೊಳೆಯುದಿಲ್ವಾ?”

ಒಂದು ಕ್ಷಣ ನನ್ನೊಳಗೆ ಏನೋ ತಣ್ಣಗಾಯಿತು. ಅವನು ಕೇಳಿದ ರೀತಿ ಹಾಗಿತ್ತು. ಗೊತ್ತಿಲ್ಲದವನು ಕೇಳುವ ಹಾಗೇ ಇತ್ತು. ನೀರಿಗೆ ಹಾಕಬೇಕೆಂದೇ ಗೊತ್ತಿಲ್ಲದವನು ಒಣ ಪಟ್ಟಿಯನ್ನು ಬಗ್ಗಿಸಲು ಹೋಗಿ ಮುರಿಯುತ್ತಿದ್ದನೇ ಹೊರತು, ಮೂತಿಯ ಬಾಗಿಗೆ ಸರಿಯಾಗಿ ಕೂರಿಸುತ್ತಿರಲಿಲ್ಲ.

ಆದರೆ ಇವನು ನನ್ನ ಅವ್ವನನ್ನು ಕಳ್ಳಿ ಎಂದವನು. ನಾಟಕ ಆಡುತ್ತಾನೆ ಎಂದುಕೊಂಡೆ. ಆ ತಣ್ಣಗಾದದ್ದನ್ನು ಒದ್ದು ಪಕ್ಕಕ್ಕೆ ತಳ್ಳಿದೆ.

ಬಸವಂತರಾಯರು ನನ್ನನ್ನು ನೇರವಾಗಿ ಕೇಳಿದರು: “ಪಟ್ಟಿ ಹಚ್ಚಿದ್ದು ಶೆಟ್ಟರಲ್ಲ. ಖಾತ್ರಿ ಏನು?”

“ಖಾತ್ರಿರಿ. ಆ ಪಟ್ಟಿ ಹಚ್ಚಿದ ಕೈನ ಶೆಟ್ಟರನ್ನ ಕೆಡವಿದ್ದು. ಬರಕೊಳ್ರಿ. ನಾ ಸಹಿ ಮಾಡ್ತೀನಿ.”

“ಆಮ್ಯಾಲ ಮಾತು ತಿರುವಾಂಗಿಲ್ಲ.”

“ತಿರುವಂಗಿಲ್ರಿ.”

ಅವರು ಬರೆದರು. ಮರಾಠಿಯಲ್ಲಿ ಬರೆದು, ಕನ್ನಡದಲ್ಲಿ ಓದಿ ಹೇಳಿದರು. ಶಾಲೆ ಬಿಟ್ಟ ಮೇಲೆ ನಾನು ಇಷ್ಟು ಸಲ ನನ್ನ ಹೆಸರು ಬರೆದದ್ದಿಲ್ಲ. ಪ್ರತಿ ಹಾಳೆಯ ಕೆಳಗೂ ಅನಿಲಕುಮಾರ ಎಂದು ಪೂರ್ತಿ ಬರೆಯಿಸಿದರು. ಮೂರು ಹಾಳೆ. ಸೆಕ್ರೆಟರಿ ಒಂದು ಸಾಕ್ಷಿ ಸಹಿ ಹಾಕಿದ, ನೀಲಾವತಿ ಆಂಟಿ ಇನ್ನೊಂದು.

ನಾಲ್ಕೂ ಮೂವತ್ತೈದು.

ಸಂದೀಪನಿಗೆ ಸ್ಟೇಷನ್ನಿಗೆ ಬರಬೇಕಾಗುತ್ತದೆ ಎಂದು ಬಸವಂತರಾಯರು ಹೇಳಿದರು. ಅವನ ತುಟಿ ಬಿಳಿಚಿತ್ತು. ಮಹಿಳಾ ಪೊಲೀಸು ಕುರ್ಚಿಯಿಂದ ಎದ್ದು, ಇನ್ನು ಈ ಹೆಂಗಸನ್ನು ಏನು ಮಾಡುವುದು ಎಂಬಂತೆ ಸಾಹೇಬರ ಕಡೆ ನೋಡಿದಳು. ನಾನು ಅವ್ವನ ಕಡೆ ಎರಡು ಹೆಜ್ಜೆ ಇಟ್ಟೆ. ಅವಳು ಅಳುತ್ತಿರಲಿಲ್ಲ, ನಗುತ್ತಲೂ ಇರಲಿಲ್ಲ. ನನ್ನ ಕೈಯಲ್ಲಿದ್ದ ಪೆನ್ನನ್ನೇ ನೋಡುತ್ತಿದ್ದಳು.

“ಅನಿಲ್.”

ಹರಿಣಿ ಅಷ್ಟು ಹೊತ್ತಿನಲ್ಲಿ ಮೊದಲ ಸಲ ಮಾತಾಡಿದ್ದಳು. ಅವಳ ಕನ್ನಡ ತಡವರಿಸುತ್ತದೆ. ಒಂದೊಂದು ಶಬ್ದವನ್ನೂ ಹುಡುಕಿ ಇಡುತ್ತಾಳೆ.

“ನೀವು ಸೈನ್ ಮಾಡುದು ಬೇಡಿತ್ತು.”

ಏಕೆ ಎಂದು ಕೇಳಿದವರು ಬಸವಂತರಾಯರು, ನಾನಲ್ಲ.

ಅವಳು ಹೇಳಿದಳು. ಅರ್ಧ ಹಿಂದಿ, ಅರ್ಧ ಇಂಗ್ಲಿಷು, ನಡುನಡುವೆ ಕನ್ನಡ. ತಂದೆಗೆ ಹೋದ ವರ್ಷದಿಂದ ಕೈ ನಡುಗುತ್ತದೆ. ಚಹಾದ ಲೋಟ ಹಿಡಿದರೆ ಅರ್ಧ ಚೆಲ್ಲುತ್ತದೆ. ಡಾಕ್ಟರು ಇನ್ನು ಇದು ಹೆಚ್ಚಾಗುವುದೇ ಎಂದಿದ್ದಾರೆ. ಹೊರಗಿನವರ ಎದುರು ಅವರು ಕೈಯನ್ನು ಕಿಸೆಯಲ್ಲಿ ಇಟ್ಟುಕೊಂಡೇ ಇರುತ್ತಿದ್ದರು. ಗುಂಡುಪಿನ್ನು ಹಿಡಿಯುವ ಮಾತು ದೂರ. ಆದರೂ ತನ್ನ ತಂದೆ ಬಂದ ಮಂಜಿಯನ್ನು ತಾನು ಮುಗಿಸಲೇಬೇಕು, ಜನವರಿಯಲ್ಲಿ ನಡೆಯುವ ಮಾದರಿ ಹಡಗುಗಳ ಪ್ರದರ್ಶನದಲ್ಲಿ ತನ್ನ ಹೆಸರಿನಲ್ಲೇ ಇಡಬೇಕು ಎಂಬ ಹಟ. ಅದಕ್ಕೆ ಒಂದು ದಾರಿ ಮಾಡಿಕೊಂಡಿದ್ದೇನೆ, ಯಾರಿಗೂ ಹೇಳಬೇಡ ಎಂದು ಮಗಳಿಗಷ್ಟೇ ಹೇಳಿದ್ದರು.

“ಆ ಹಡಗಿನ ಒಂದು ಪಟ್ಟಿಯೂ ಪಪ್ಪನ ಕೈಯದ್ದಲ್ಲ,” ಎಂದಳು ಹರಿಣಿ. “ಪಪ್ಪ ಕೂತು ಹೇಳ್ತಿದ್ರು. ಮಾಡ್ತಿದ್ದದ್ದು ಬೇರೆಯವರು. ಯಾರು ಅಂತ ನಾನು ಕೇಳ್ಲಿಲ್ಲ. ಒಂದು ವಿಡಿಯೋ ಕಳಿಸಿದ್ರು, ಹೋದ ತಿಂಗಳು. ಫೇಸ್ ಇಲ್ಲ. ಬರೀ ಕೈ.”

ಬಸವಂತರಾಯರು ಅವಳ ಫೋನು ತೆಗೆದುಕೊಂಡರು.

ಮೊದಲು ಶೆಟ್ಟರ ದನಿ ಕೇಳಿಸಿತು, ಎರಡು ದಿನದಿಂದ ಯಾರೂ ಕೇಳದ ದನಿ. ನಿಧಾನ, ಒತ್ತಬೇಡ, ಮರ ತಾನೇ ಕೇಳ್ತದೆ ಎನ್ನುತ್ತಿದ್ದರು. ನೀಲಾವತಿ ಆಂಟಿ ಇಣುಕಿ ನೋಡಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಆಮೇಲೆ ಅವರ ಕಣ್ಣು ಅಡುಗೆಮನೆಯ ಕಡೆ ಹೋಯಿತು. ಸಂದೀಪ ಎರಡು ಸಲ ಉಸಿರೆಳೆದುಕೊಂಡ, ನೀರಿನಿಂದ ಮೇಲೆ ಬಂದವನ ಹಾಗೆ.

ಬಸವಂತರಾಯರು ಫೋನನ್ನು ನನ್ನ ಕಡೆ ತಿರುಗಿಸಿದರು.

ಸಣ್ಣ ಪರದೆಯಲ್ಲಿ ಎರಡು ಕೈ. ಕಪ್ಪು, ನೀರಲ್ಲಿ ಬಿರಿದ ಬೆರಳು. ಕೆಲಸಕ್ಕೆ ಅಡ್ಡ ಬರದಿರಲೆಂದು ಹಸಿರು ಬಳೆಗಳನ್ನು ಮೊಣಕೈಯವರೆಗೆ ಏರಿಸಿ ರಬ್ಬರ್ ಬ್ಯಾಂಡ್ ಹಾಕಿತ್ತು. ಬಲ ಮುಂಗೈಯ ಒಳಭಾಗದಲ್ಲಿ ಹುರುಳಿಕಾಳಿನಾಕಾರದ ಸುಟ್ಟ ಕಲೆ. ಆ ಕೈ ಪಟ್ಟಿಯನ್ನು ಎತ್ತಿ, ಮೂತಿಯ ಬಾಗಿಗೆ ತಂದು, ಮಗುವಿಗೆ ಅಂಗಿ ತೊಡಿಸಿದಷ್ಟು ಹಗುರವಾಗಿ ಕೂರಿಸಿತು. ಒಂದು ಪಿನ್ನು. ಇನ್ನೊಂದು. ಒಂದೂ ಗೆರೆ ತಪ್ಪಲಿಲ್ಲ.

ಸ್ಟವ್ ಹಾರಿ ಆ ಕಲೆಯಾದ ದಿನ ನನಗೆ ಆರು ವರ್ಷ. ಅದಕ್ಕೆ ಹಲ್ಲುಪುಡಿ ಒದ್ದೆ ಮಾಡಿ ಹಚ್ಚಿದ್ದು ನಾನೇ.

ಕೋಣೆಯೊಳಗೆ ಹೋಗಲಿಲ್ಲ ಎಂದು ಅವಳು ಪೊಲೀಸರಿಗೆ ಹೇಳಿದ್ದಳು. ನನಗೂ ಹೇಳಿದ್ದಳು. ಎರಡು ರಾತ್ರಿ, ಚಾಳಿನ ನಮ್ಮ ಕೋಣೆಯಲ್ಲಿ, ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದ್ದಳು.

“ಈ ಕೈ ಯಾರದು?” ಬಸವಂತರಾಯರು ಕೇಳಿದರು. ಅವರ ದನಿಯಲ್ಲಿ ಈಗ ಬೈಗುಳವಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು. ಅವರ ಇನ್ನೊಂದು ಕೈಯಲ್ಲಿ, ಪಟ್ಟಿ ಹಚ್ಚಿದ ಕೈಯೇ ಶೆಟ್ಟರನ್ನು ಕೆಡವಿದ್ದು ಎಂದು ನಾನು ಸಹಿ ಮಾಡಿದ ಮೂರು ಹಾಳೆಗಳಿದ್ದವು. “ಹೇಳಪಾ. ನಿನಗ ಗುರ್ತದ.”

ಅಡುಗೆಮನೆಯ ಹೊಸ್ತಿಲಲ್ಲಿ ಅವ್ವ ಸೆರಗನ್ನು ಎಳೆದು ಎರಡೂ ಮುಂಗೈಗಳನ್ನು ಮುಚ್ಚಿಕೊಂಡಿದ್ದಳು. ನನ್ನನ್ನು ನೋಡಲಿಲ್ಲ.

ಬಸವಂತರಾಯರು ಇನ್ನೊಮ್ಮೆ ಕೇಳಿದರು, ಈ ಸಲ ನನ್ನ ಪೂರ್ತಿ ಹೆಸರು ಹಿಡಿದು.

ನಾನು ಪೆನ್ನನ್ನು ಮೇಜಿನ ಮೇಲಿಟ್ಟು ಬಾಗಿಲ ಕಡೆ ನಡೆದೆ. ಕಾನ್‌ಸ್ಟೇಬಲ್ ಬಾಗಿಲಿಗೆ ಅಡ್ಡ ಬಂದ. ಸಾಹೇಬರ ಕಡೆ ನೋಡಿ ಸರಿದುಕೊಂಡ. ಹೊರಗೆ ಲಿಫ್ಟು ಮೇಲೆಲ್ಲೋ ನಿಂತಿತ್ತು. ನಾನು ಮೆಟ್ಟಿಲು ಇಳಿಯತೊಡಗಿದೆ.